ಎತ್ತಿಗೆ ಹಲ್ಲು ನೋಡುವವರು ಬೆಕ್ಕಿಗೆ ಬಣ್ಣ ನೋಡುತ್ತಾರೆ

ಧರ್ಮಪುರ ಹೋಬಳಿಯ ಊರುಗಳಲ್ಲಿ ಬೆಕ್ಕಿಗೆ ಬೆಲೆ ಕಟ್ಟುವ ರೂಢಿ ಇಲ್ಲ. ಹಿರಿಯೂರು ತಾಲ್ಲೂಕಿನ ಈ ಗಡಿ ಸೀಮೆಯಲ್ಲಿ ಕುರಿ, ಮೇಕೆ, ಎತ್ತು, ಕೋಳಿ ಎಲ್ಲಕ್ಕೂ ಚೌಕಾಸಿ ಉಂಟು. ಬೆಕ್ಕಿಗೆ ಮಾತ್ರ ಬಾಯಿಮಾತೇ ಸಾಕು. ‘ಅಕ್ಕಾ, ನಿಮ್ಮ ಬೆಕ್ಕು ಮರಿ ಹಾಕೈತಂತಲ್ಲ, ಒಂದು ಗಂಡು ನಮಗಿಟ್ಟಿರ್ರಿ’ ಎಂದು ಹೇಳಿಟ್ಟರೆ ಆಯಿತು. ಮರಿ ಕಣ್ಣು ಬಿಟ್ಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯಾರೋ ಬಂದು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ. ವಾಪಸು ಬರುವ ದಾರಿ ತಿಳಿಯಬಾರದೆಂದು ಚೀಲದ ಬಾಯಿ ಕಟ್ಟುವುದೂ ಉಂಟು. ಗಡಿಯಾಚೆ ಅಮರಾಪುರ, ಮಡಕಶಿರಾ ಕಡೆ ನೆಂಟರಿದ್ದರೆ ಅಲ್ಲಿಂದಲೂ ಮರಿ ಹೀಗೇ ಬರುತ್ತದೆ.

ಇಲ್ಲಿ ಬೆಕ್ಕು ಬೇಕಾಗುವುದು ಮುದ್ದಿಗಿಂತ ಮೊದಲು ಕೆಲಸಕ್ಕೆ. ಮುಂಗಾರಿನಲ್ಲಿ ಬಿತ್ತಿದ ಶೇಂಗಾವನ್ನು ಅಕ್ಟೋಬರ್, ನವೆಂಬರ್ ಹೊತ್ತಿಗೆ ಕಿತ್ತು, ಒಣಗಿಸಿ, ಚೀಲ ತುಂಬಿ ಮನೆಯೊಳಗೇ ಪೇರಿಸುತ್ತಾರೆ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಕಡೆಯಿಂದ ಒಳ್ಳೆ ರೇಟು ಬರಲಿ ಎಂದು ಕಾದಷ್ಟು ದಿನವೂ ಇಲಿಗೆ ಹಬ್ಬ. ಬೆಕ್ಕು ಮನುಷ್ಯನ ಹತ್ತಿರ ಬಂದದ್ದೂ ಇದೇ ಕಾರಣಕ್ಕೆ. ಪಶ್ಚಿಮ ಏಷ್ಯಾದ ಒಣ ನೆಲದ ಕಾಡುಬೆಕ್ಕುಗಳು ಕಾಳಿನ ಕಣಜ ಹುಡುಕಿ ಬಂದ ಇಲಿಗಳ ಬೆನ್ನು ಹತ್ತಿ ಊರು ಸೇರಿದವು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕಿನ ಅಸ್ಥಿಪಂಜರವೊಂದರ ವಿವರ 2004ರಲ್ಲಿ ಪ್ರಕಟವಾಯಿತು. ಅದಕ್ಕೆ ಸುಮಾರು 9,500 ವರ್ಷ. ಕಡಿಮೆ ನೀರಿನಲ್ಲಿ ಬದುಕುವ ಈ ಒಣಸೀಮೆಯ ಪ್ರಾಣಿಗೆ ಹಿರಿಯೂರಿನ ಹವೆ ಹೊಸದೇನಲ್ಲ.

ಹೊಸದು ಬೇರೆ ಇದೆ. ಮೊಬೈಲಿನಲ್ಲಿ ಚಪ್ಪಟೆ ಮೂತಿಯ, ಮೈತುಂಬ ಕೂದಲಿನ ಪರ್ಷಿಯನ್ ಮರಿಗಳ ಫೋಟೊ ಹಳ್ಳಿ ಹಳ್ಳಿಗೂ ಮುಟ್ಟಿದೆ. ಬೆಂಗಳೂರಿನ ಮಾರಾಟಗಾರರು ಇಂಥ ಮರಿಗೆ ಹತ್ತಾರು ಸಾವಿರ ರೂಪಾಯಿ ಹೇಳುತ್ತಾರೆ. ‘ಅಡ್ವಾನ್ಸ್ ಹಾಕಿ, ಮರಿ ಕಳಿಸುತ್ತೇವೆ’ ಎಂಬ ಮಾತಿಗೆ ಕಣ್ಣಾರೆ ಕಾಣದ ಪ್ರಾಣಿಗೆ ದುಡ್ಡು ಕಳಿಸುವವರೂ ಇದ್ದಾರೆ. ದುಡ್ಡು ಕೊಡದೆ ತರುವಾಗಲೂ, ದುಡ್ಡು ಸುರಿದು ತರುವಾಗಲೂ ನಡೆಯುವ ತಪ್ಪು ಒಂದೇ: ಯಾರೂ ಮರಿಯನ್ನು ಪರೀಕ್ಷಿಸುವುದಿಲ್ಲ.

ಅಮೃತಮಹಲ್ ಕಾವಲುಗಳ ಜಿಲ್ಲೆಯಿದು. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಮುಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಅದೇ ರೈತ ಬೆಕ್ಕಿನ ವಿಷಯಕ್ಕೆ ಬಂದರೆ ಬಣ್ಣ ನೋಡಿ, ‘ಕರೀದು ಬೇಡ, ಪಟ್ಟೆಯದು ಕೊಡಿ’ ಎನ್ನುತ್ತಾನೆ. ಎತ್ತು ನೋಡುವ ಕಣ್ಣಿನಿಂದಲೇ ಒಮ್ಮೆ ಬೆಕ್ಕನ್ನೂ ನೋಡಿದರೆ ಅರ್ಧ ತೊಂದರೆ ಹೊಸಿಲಾಚೆಯೇ ಉಳಿಯುತ್ತದೆ.

ಮೊದಲು ನೋಡಬೇಕಾದ್ದು ವಯಸ್ಸು, ಅದಕ್ಕೆ ಗುರುತು ಹಲ್ಲು. ಹುಟ್ಟಿ ಮೂರು ವಾರಕ್ಕೆ ಮುಂದಿನ ಸಣ್ಣ ಹಲ್ಲುಗಳು ಮೂಡುತ್ತವೆ. ಎರಡು ತಿಂಗಳ ಹೊತ್ತಿಗೆ 26 ಹಾಲುಹಲ್ಲುಗಳೂ ಬಂದಿರುತ್ತವೆ. ಅವು ಉದುರಿ 30 ಕಾಯಂ ಹಲ್ಲು ತುಂಬುವುದು ಆರು ತಿಂಗಳಿಗೆ. ದವಡೆಯ ಹಿಂಭಾಗ ಇನ್ನೂ ಬೋಳಾಗಿದ್ದರೆ, ಮಾರುವವರು ಏನೇ ಹೇಳಲಿ, ಆ ಮರಿಗೆ ಎರಡು ತಿಂಗಳು ತುಂಬಿಲ್ಲ. ಕಣ್ಣೂ ವಯಸ್ಸು ಹೇಳುತ್ತದೆ: ಎಲ್ಲ ಮರಿಗಳಿಗೂ ಮೊದಲಿಗೆ ನೀಲಿ ಕಣ್ಣು, ನಿಜವಾದ ಬಣ್ಣ ತಿರುಗಲು ಆರೇಳು ವಾರ ಬೇಕು. ‘ನೀಲಿ ಕಣ್ಣಿನ ಅಪರೂಪದ ಮರಿ’ ಎಂದು ಹೊಗಳಿ ಕೊಡುವ ಮರಿ ಬಹಳ ಸಲ ತಾಯಿಯ ಮೊಲೆ ಬಿಡದ ಕೂಸು. ತೂಕವನ್ನೂ ನೋಡಬಹುದು. ಎರಡು ತಿಂಗಳ ಆರೋಗ್ಯವಂತ ಮರಿಯನ್ನು ಕೈಚೀಲದಲ್ಲಿ ಕೂರಿಸಿ ಅಂಗಡಿಯ ತಕ್ಕಡಿಗಿಟ್ಟರೆ 800 ಗ್ರಾಂನ ಆಸುಪಾಸು ತೂಗುತ್ತದೆ.

ಎರಡು ತಿಂಗಳೇ ಯಾಕೆ? ನಾಲ್ಕನೆಯ ವಾರದಿಂದ ಮರಿ ಗಟ್ಟಿ ಆಹಾರಕ್ಕೆ ಬಾಯಿ ಹಾಕುತ್ತದೆ, ನಿಜ. ಆದರೆ ತಾಯಿಯ ಪಾಠಶಾಲೆ ಶುರುವಾಗುವುದೂ ಆಗಲೇ. ಮೊದಮೊದಲು ತಾಯಿ ಸತ್ತ ಇಲಿಯನ್ನು ತಂದು ಮರಿಗಳ ಮುಂದೆ ಹಾಕುತ್ತದೆ. ಕೆಲವು ದಿನ ಕಳೆದ ಮೇಲೆ ಅರೆಜೀವದ ಇಲಿಯನ್ನು ತಂದು ಬಿಟ್ಟು, ತಾನು ದೂರ ಕೂತು ನೋಡುತ್ತದೆ. ಒಂದೇ ತಿಂಗಳಿಗೆ ಕಿತ್ತು ತಂದ ಮರಿಗೆ ಈ ಪಾಠವೇ ಸಿಗುವುದಿಲ್ಲ. ‘ನಮ್ಮನೆ ಬೆಕ್ಕು ಇಲಿ ಕಂಡ್ರೆ ಸುಮ್ನೆ ನೋಡ್ತಾ ಕೂರುತ್ತೆ’ ಎಂದು ಬೈಯುವ ಮನೆಯವರು, ಅದನ್ನು ಎಷ್ಟನೆಯ ವಾರಕ್ಕೆ ತಂದಿದ್ದೆವು ಎಂದು ಒಮ್ಮೆ ಲೆಕ್ಕ ಹಾಕಲಿ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸುಮಾರು ಆರು ಸಾವಿರ ಬೆಕ್ಕುಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರ್ಪಟ್ಟವು ಕಚ್ಚುವುದು, ಪರಚುವುದು ಹೆಚ್ಚೆಂದು ಕಂಡಿತು. ಮೂರು ತಿಂಗಳು ದಾಟಿ ತಾಯಿ ಬಿಟ್ಟವು ಹೆಚ್ಚು ಸಮಾಧಾನಿಗಳು.

ಕಾನೂನೂ ಇದನ್ನೇ ಹೇಳುತ್ತದೆ. ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2018ರಲ್ಲಿ ಬಂದ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಬೆಕ್ಕಿನ ಮರಿಯನ್ನು ಮಾರುವಂತಿಲ್ಲ. ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ದುಡ್ಡು ಕೊಟ್ಟೇ ತರುವೆನೆಂದು ಹಟ ಹಿಡಿದವರು ಕೇಳಬೇಕಾದ ಮೊದಲ ಕಾಗದ ಆ ನೋಂದಣಿ ಪತ್ರ, ಎರಡನೆಯದು ವೈದ್ಯರ ಸಹಿ, ಲಸಿಕೆಯ ಬಾಟಲಿಯ ಚೀಟಿ ಎರಡೂ ಇರುವ ಲಸಿಕೆ ಪುಸ್ತಕ. ಎರಡೂ ಇಲ್ಲದವರ ಹತ್ತಿರ ಮರಿ ಎಷ್ಟೇ ಮುದ್ದಾಗಿದ್ದರೂ ವಾಪಸು ಬರುವುದೇ ಸರಿ. ‘ಪಾಪ, ಇಲ್ಲೇ ಬಿಟ್ಟರೆ ಸಾಯುತ್ತೆ’ ಎಂದು ಕನಿಕರಪಟ್ಟು ಕೊಂಡರೆ ಆ ಪಂಜರಕ್ಕೆ ಮರುದಿನ ಇನ್ನೊಂದು ಮರಿ ಬರುತ್ತದೆ.

ಮರಿಯನ್ನು ಕೈಗೆತ್ತಿಕೊಳ್ಳುವ ಮುಂಚೆ ಐದು ನಿಮಿಷ ಸುಮ್ಮನೆ ನೋಡಬೇಕು. ತಾಯಿ ಹೇಗಿದೆ, ಕಣ್ಣು ಮೂಗು ಸೋರುತ್ತಿದೆಯೆ, ಅದು ಮಲಗಿರುವ ಗೋಣಿಚೀಲದ ಮೇಲೆ ಭೇದಿಯ ಕಲೆ ಇದೆಯೆ ಎಂಬುದೇ ಅರ್ಧ ಪರೀಕ್ಷೆ. ಐದು ಮರಿಗಳಲ್ಲಿ ಒಂದು ಸೀನುತ್ತಿದ್ದರೆ ಉಳಿದ ನಾಲ್ಕೂ ರೋಗದ ಸಾಲಿನಲ್ಲಿವೆ ಎಂದೇ ಲೆಕ್ಕ. ಒಂದು ದಾರದ ತುಂಡನ್ನು ನೆಲದ ಮೇಲೆ ಎಳೆದರೆ ಆರೋಗ್ಯದ ಮರಿ ಎರಡು ಕ್ಷಣ ಹೊಂಚಿ ಎಗರುತ್ತದೆ. ಹೊಸಬರನ್ನು ಕಂಡು ಮೊದಲು ಹಿಂಜರಿದು, ಆಮೇಲೆ ಮೂಸುತ್ತ ಬರುವ ಮರಿ ಒಳ್ಳೆಯದು. ಮೂಲೆಯಲ್ಲಿ ಮುದುರಿ ಕೂತು, ಎತ್ತಿಕೊಂಡರೂ ಅಲುಗದೆ ಮಲಗುವ ಮರಿಯನ್ನು ‘ಎಷ್ಟು ಸಾಧು’ ಎಂದು ಆರಿಸುವವರೇ ಜಾಸ್ತಿ. ಆ ಸಾಧುತನ ಬಹಳ ಸಲ ಜ್ವರ.

ಇನ್ನು ಕೈಯಿಂದ ನೋಡುವುದು. ಕಣ್ಣಿನ ಮೂಲೆಯಲ್ಲಿ ಪಿಸುರು, ಮೂಗಿನಲ್ಲಿ ಗೊಣ್ಣೆ ಇರಬಾರದು. ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಅರ್ಧ ಎದ್ದು ನಿಂತಿದ್ದರೆ ಒಳಗೆ ಏನೋ ಕಾಯಿಲೆ ಇದೆ. ತುಟಿ ಮಡಚಿದರೆ ಒಸಡು ನಸುಗೆಂಪಾಗಿರಬೇಕು. ಬಿಳಿಚಿದ್ದರೆ ಚಿಗಟವೋ ಜಂತುವೋ ರಕ್ತ ಹೀರುತ್ತಿದೆ. ಕಿವಿಯೊಳಗೆ ಕಾಫಿ ಪುಡಿ ಉದುರಿಸಿದಂತೆ ಕಪ್ಪು ಹುಡಿ ಕಂಡರೆ ಅದು ಕಿವಿನುಸಿ. ಬೆನ್ನುಮೂಳೆ ಕೈಗೆ ಚುಚ್ಚುತ್ತ ಹೊಟ್ಟೆ ಮಾತ್ರ ಗುಡಾಣವಾಗಿದ್ದರೆ ಅದು ತುಂಬಿದ ಹೊಟ್ಟೆಯಲ್ಲ, ಹುಳುವಿನ ಹೊಟ್ಟೆ. ಬಾಲವೆತ್ತಿ ಗುದದ ಸುತ್ತ ನೋಡಬೇಕು: ಅಲ್ಲಿ ಒಣಗಿದ ಅಕ್ಕಿಕಾಳಿನಂಥದು ಅಂಟಿದ್ದರೆ ಲಾಡಿಹುಳು. ಚಿಗಟ ಕಣ್ಣಿಗೆ ಬೀಳದಿದ್ದರೆ ಒಂದು ಉಪಾಯವುಂಟು. ಮೈ ಉಜ್ಜಿ ಉದುರಿದ ಕಪ್ಪು ಕಣಗಳನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿದರೆ ಮಣ್ಣು ಮಣ್ಣಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆ ಕಂದುಗೆಂಪಾಗಿ ಹರಡುತ್ತದೆ, ಯಾಕೆಂದರೆ ಅದು ಅರಗಿದ ರಕ್ತ. ದುಂಡಗೆ ಕೂದಲು ಉದುರಿದ ಜಾಗವಿದ್ದರೆ ಹುಳುಕಡ್ಡಿ ಇರಬಹುದು, ಅದು ಮನೆಯ ಮಕ್ಕಳಿಗೂ ಹತ್ತುತ್ತದೆ.

ಚಿಗಟ, ಜಂತು, ಕಿವಿನುಸಿ ಇದ್ದ ಮಾತ್ರಕ್ಕೆ ಮರಿಯನ್ನು ಬಿಟ್ಟು ಬರಬೇಕೆಂದಿಲ್ಲ, ಇವೆಲ್ಲ ವಾಸಿಯಾಗುವಂಥವು. ಔಷಧ ಮಾತ್ರ ಬೆಕ್ಕಿನದೇ ಆಗಿರಬೇಕು. ನಾಯಿಯ ಚಿಗಟಕ್ಕೆಂದು ಮಾರುವ ಪರ್ಮೆಥ್ರಿನ್ ಇರುವ ಔಷಧ ಬೆಕ್ಕಿಗೆ ವಿಷ. ಜ್ವರವೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯ ಚೂರನ್ನು ಹಾಲಿಗೆ ಹಾಕುವವರಿದ್ದಾರೆ; ಆ ಚೂರೇ ಮರಿಯ ಜೀವ ತೆಗೆಯುತ್ತದೆ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ.

‘ಗಂಡೇ ಬೇಕು’ ಎಂದು ಹಟ ಹಿಡಿದು ತಂದ ಮರಿ ಆರೇಳು ತಿಂಗಳಿಗೆ ಅಟ್ಟದ ಮೇಲೆ ನಾಲ್ಕು ಮರಿ ಹಾಕಿದ ಕಥೆ ಊರಿಗೊಂದು ಇದೆ. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ, ಕೆಂದು ಬಣ್ಣದವುಗಳಲ್ಲಿ ಐದಕ್ಕೆ ನಾಲ್ಕು ಗಂಡು. ಉಳಿದವುಗಳಲ್ಲಿ ಬಾಲದ ಕೆಳಗಿನ ಎರಡು ರಂಧ್ರಗಳ ನಡುವಿನ ಅಂತರ ನೋಡಬೇಕು: ಹತ್ತಿರವಿದ್ದರೆ ಹೆಣ್ಣು, ದೂರವಿದ್ದರೆ ಗಂಡು. ಇಲಿ ಹಿಡಿಯುವುದರಲ್ಲಿ ಹೆಣ್ಣು ಬೆಕ್ಕು ಹಿಂದೆ ಬೀಳುವುದಿಲ್ಲ ಎಂಬುದಂತೂ ಮರಿ ಸಾಕಿದ ತಾಯಿಬೆಕ್ಕನ್ನು ಕಂಡವರಿಗೆಲ್ಲ ಗೊತ್ತು.

ಪರ್ಷಿಯನ್ ವಿಷಯಕ್ಕೆ ಬಂದರೆ ಸ್ವಲ್ಪ ಕಟುವಾಗಿ ಹೇಳುವುದೇ ಒಳ್ಳೆಯದು: ಧರ್ಮಪುರದ ಬೇಸಿಗೆಗೆ ಅದು ತಕ್ಕ ಪ್ರಾಣಿಯಲ್ಲ. ಮೂತಿ ಚಪ್ಪಟೆಯಾಗಲೆಂದು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದರಿಂದ ಮೂಗಿನ ದಾರಿ ಕಿರಿದು, ಕಣ್ಣೀರಿನ ನಾಳ ಡೊಂಕು. ಹಗಲೆಲ್ಲ ಕಣ್ಣು ಸೋರುತ್ತದೆ, ಸೆಕೆಗೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ದಿನಾ ಬಾಚದಿದ್ದರೆ ಕೂದಲು ಜಡೆಗಟ್ಟುತ್ತದೆ. ಪರೀಕ್ಷೆ ನಡೆಸಿದ ಹಲವು ದೇಶಗಳಲ್ಲಿ ಸುಮಾರು ಮೂರು ಪರ್ಷಿಯನ್‌ಗಳಲ್ಲಿ ಒಂದಕ್ಕೆ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ವಂಶವಾಹಿ ರೋಗ ಕಂಡುಬಂದಿತ್ತು. ಇದರ ಜೀನ್ ದೋಷ 2004ರಲ್ಲೇ ಪತ್ತೆಯಾಗಿದೆ, ಡಿಎನ್ಎ ಪರೀಕ್ಷೆಯೂ ಇದೆ. ಮರಿಯ ತಂದೆತಾಯಿಗೆ ಆ ಪರೀಕ್ಷೆ ಆಗಿದೆಯೆ ಎಂದು ಕೇಳಿದರೆ ಜಾಹೀರಾತಿನವರಲ್ಲಿ ಎಷ್ಟು ಜನ ಫೋನ್ ಇಡದೆ ಉತ್ತರಿಸುತ್ತಾರೋ ನೋಡಬೇಕು. ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಇನ್ನೂ ನೋವಿನ ಕಥೆ. 1961ರಲ್ಲಿ ಸ್ಕಾಟ್ಲೆಂಡಿನ ಒಂದು ಹೊಲಮನೆಯಲ್ಲಿ ಸಿಕ್ಕ ಸೂಸಿ ಎಂಬ ಬೆಕ್ಕಿನಿಂದ ಹಬ್ಬಿದ ತಳಿ ಅದು. ಕಿವಿಯ ಮೃದ್ವಸ್ಥಿ ಮಡಚಿಕೊಳ್ಳುವ ದೋಷವೇ ಕಾಲು, ಬಾಲದ ಕೀಲುಗಳಲ್ಲೂ ಇರುತ್ತದೆ. ಬ್ರಿಟನ್ನಿನ ಬೆಕ್ಕು ನೋಂದಣಿ ಸಂಸ್ಥೆ 1970ರ ದಶಕದ ಆರಂಭದಲ್ಲೇ ಇದರ ನೋಂದಣಿ ನಿಲ್ಲಿಸಿತು. ಹುಟ್ಟಿದ ನಾಡಿನಲ್ಲೇ ಬೇಡವಾದದ್ದನ್ನು ನಮ್ಮವರು ಕಾಸು ಕೊಟ್ಟು ತರುತ್ತಾರೆ.

ಮರಿ ತರುವವರು ಬಣ್ಣ, ತಳಿ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ ರೋಗವೊಂದಿದೆ. 2025ರ ಫೆಬ್ರುವರಿಯಲ್ಲಿ ರಾಯಚೂರು ಜಿಲ್ಲೆಯಲ್ಲಿ ಹತ್ತಾರು ಬೆಕ್ಕುಗಳು ಸಾಲಾಗಿ ಸತ್ತಾಗ ಪತ್ರಿಕೆಗಳಲ್ಲಿ ಅದರ ಹೆಸರು ಬಂತು: ಪ್ಯಾನ್‌ಲ್ಯೂಕೋಪೀನಿಯಾ. ನಾಯಿಗಳ ಪಾರ್ವೊ ವೈರಸ್ಸಿನ ಹತ್ತಿರದ ನಂಟ. ವಾಂತಿ, ಭೇದಿ, ಜ್ವರ. ನೀರಿನ ಬಟ್ಟಲಿನ ಮುಂದೆ ಕೂತರೂ ಕುಡಿಯಲಾಗದ ಸ್ಥಿತಿ. ಲಸಿಕೆ ಇಲ್ಲದ ಮರಿಗಳಲ್ಲಿ ಬದುಕುವವೇ ಕಡಿಮೆ. ಮನುಷ್ಯರಿಗೆ ಇದು ಅಂಟುವುದಿಲ್ಲ, ಆದರೆ ಮನುಷ್ಯರ ಚಪ್ಪಲಿ, ಬಟ್ಟೆಯ ಮೇಲೆ ಕೂತು ಬರುತ್ತದೆ. ಬೆಕ್ಕು ಸತ್ತ ಮನೆಯ ನೆಲದಲ್ಲಿ ವೈರಸ್ ಒಂದು ವರ್ಷದವರೆಗೂ ಉಳಿಯಬಲ್ಲದು. ಹಳೆ ಮರಿ ಭೇದಿಯಿಂದ ಸತ್ತಿತೆಂದು ಅಳುವ ಮಗುವಿಗೆ ವಾರದೊಳಗೆ ಹೊಸ ಮರಿ ತಂದುಕೊಡುವ ಮನೆಗಳಲ್ಲಿ ಎರಡನೆಯದೂ ಸಾಯುವುದು ಇದಕ್ಕೇ. ಜನ ಅದನ್ನು ‘ನಮ್ಮನೆಗೆ ಬೆಕ್ಕು ಆಗಿಬರಲ್ಲ’ ಎನ್ನುತ್ತಾರೆ. ಅಂಥ ಮನೆಯವರು ನೆಲವನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದು, ಲಸಿಕೆ ಪೂರ್ತಿಯಾದ ಬೆಕ್ಕನ್ನೇ ತರಬೇಕು.

ಆ ಲಸಿಕೆ ದುಬಾರಿಯೇನಲ್ಲ, ಪರ್ಷಿಯನ್ ಮರಿಯ ಬೆಲೆಗೆ ಹೋಲಿಸಿದರಂತೂ ಏನೇನೂ ಅಲ್ಲ. ಈ ರೋಗಕ್ಕೂ ಎರಡು ಬಗೆಯ ನೆಗಡಿ ವೈರಸ್ಸಿಗೂ ಸೇರಿ ಒಂದೇ ಚುಚ್ಚುಮದ್ದು. ಆರರಿಂದ ಎಂಟನೆಯ ವಾರದಲ್ಲಿ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ನಾಲ್ಕು ತಿಂಗಳು ತುಂಬುವವರೆಗೆ ಹಾಕಿಸಬೇಕು. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಬೆಕ್ಕು ಪರಚಿದ್ದಕ್ಕೆ ಅರಿಸಿನ ಹಚ್ಚಿ ಸುಮ್ಮನಾಗುವ ಸೀಮೆಯಲ್ಲಿ ಇದನ್ನು ಒತ್ತಿ ಹೇಳಬೇಕು: ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಆರಿಸಿ ತಂದ ಆರೋಗ್ಯದ ಮರಿಯನ್ನು ಕೆಡಿಸುವುದು ನಮ್ಮ ಅಡುಗೆಮನೆ. ಹಾಲು ಅನ್ನ, ಮೊಸರನ್ನ, ಹಾಲಿಗೆ ಅದ್ದಿದ ಮುದ್ದೆ ಇಷ್ಟೇ ಹಾಕಿ ಬೆಳೆಸುತ್ತಾರೆ. ಬೆಕ್ಕು ಅಪ್ಪಟ ಮಾಂಸಾಹಾರಿ. ಮಾಂಸ, ಮೀನಿನಲ್ಲಷ್ಟೇ ಸಾಕಷ್ಟು ಸಿಗುವ ಟಾರಿನ್ ಎಂಬ ಪೋಷಕಾಂಶ ಇಲ್ಲದಿದ್ದರೆ ಅದರ ಕಣ್ಣು ಮಂಕಾಗುತ್ತದೆ, ಹೃದಯ ಹಿಗ್ಗುತ್ತದೆ. ಹೃದ್ರೋಗಕ್ಕೂ ಟಾರಿನ್ ಕೊರತೆಗೂ ಇರುವ ನಂಟನ್ನು ಅಮೆರಿಕದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟ ಮೇಲೆ ಅಲ್ಲಿನ ಕಂಪನಿಗಳು ಬೆಕ್ಕಿನ ಆಹಾರದ ಲೆಕ್ಕವನ್ನೇ ಬದಲಿಸಿದವು. ಹಳ್ಳಿಯ ಬೆಕ್ಕು ಮೊಸರನ್ನ ತಿಂದೂ ಗಟ್ಟಿಯಾಗಿರುವುದು ಇಲಿಯ ದಯೆಯಿಂದ. ಬಾಗಿಲು ಹಾಕಿಕೊಂಡು ಸಾಕುವವರಿಗೆ ಆ ಅನುಕೂಲವಿಲ್ಲ. ಮಾರಿಕಣಿವೆ ಜಲಾಶಯದ ಮೀನು ಸಿಗುವ ತಾಲ್ಲೂಕಿದು. ಮುಳ್ಳು ತೆಗೆದು ಬೇಯಿಸಿದ ಮೀನು, ಕೋಳಿಯ ಗುಂಡಿಗೆ, ಬೇಯಿಸಿದ ಮೊಟ್ಟೆ ಕೊಡಬಹುದು. ಮನೆಯೊಳಗೆ ಮಾಂಸ ತರದವರು ಅಂಗಡಿಯ ಬೆಕ್ಕಿನ ಆಹಾರ ತರಲಿ. ಅದೂ ಆಗದೆಂದರೆ ಬೆಕ್ಕು ಸಾಕದಿರುವುದೇ ಲೇಸು.

ಇಲಿಪಾಷಾಣದ ಮಾತೂ ಇಲ್ಲೇ ಬರಬೇಕು. ಒಂದೇ ಮನೆಯಲ್ಲಿ ಬೆಕ್ಕನ್ನೂ ಸಾಕಿ, ಶೇಂಗಾ ಚೀಲದ ಸಂದಿಯಲ್ಲಿ ಬ್ರೋಮಡಯೊಲೋನ್ ಬಿಲ್ಲೆಯನ್ನೂ ಇಡುತ್ತಾರೆ. ಅದನ್ನು ತಿಂದ ಇಲಿ ತಕ್ಷಣ ಸಾಯದೆ ಮಂಕಾಗಿ ಓಡಾಡುತ್ತದೆ. ಬೆಕ್ಕಿಗೆ ಅದಕ್ಕಿಂತ ಸುಲಭದ ಬೇಟೆ ಇಲ್ಲ. ಕೆಲವು ದಿನಗಳಲ್ಲಿ ಬೆಕ್ಕಿನ ಒಸಡು, ಮೂಗಿನಲ್ಲಿ ರಕ್ತ ಕಾಣಬಹುದು, ಉಸಿರು ಕಟ್ಟಬಹುದು. ಬೇಗ ವಿಟಮಿನ್ ಕೆ ಕೊಡಿಸಿದರೆ ಉಳಿದೀತು. ಬೆಕ್ಕು, ಪಾಷಾಣ ಎರಡರಲ್ಲಿ ಒಂದನ್ನು ಮನೆಯವರು ಮೊದಲೇ ಆರಿಸಿಕೊಳ್ಳಬೇಕು. ಹೆಗ್ಗಣದ ಕಾಟಕ್ಕೆ ಬೆಕ್ಕು ಮದ್ದಲ್ಲ ಎಂಬುದೂ ತಿಳಿದಿರಲಿ. ನ್ಯೂಯಾರ್ಕಿನ ತ್ಯಾಜ್ಯ ಘಟಕವೊಂದರಲ್ಲಿ ದೊಡ್ಡ ಇಲಿಗಳ ಹಿಂಡನ್ನೂ ಬೀದಿ ಬೆಕ್ಕುಗಳನ್ನೂ 79 ದಿನ ಕ್ಯಾಮೆರಾ ಇಟ್ಟು ನೋಡಿದವರಿಗೆ ಬೆಕ್ಕು ಕೊಂದದ್ದು ಎರಡೇ ಇಲಿ ಎಂದು ಗೊತ್ತಾಯಿತು. ಬೆಕ್ಕಿನ ಕೈ ಓಡುವುದು ಚುಂಡಿಲಿ, ಸಣ್ಣ ಇಲಿಗಳ ಮೇಲೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕಿಗೆ ಗುಡಿಯಿದೆ. ಮಂಗಮ್ಮನೆಂದು ಪೂಜೆ ನಡೆಯುತ್ತದೆ, ಊರವರು ಬೆಕ್ಕಿಗೆ ಕೈ ಎತ್ತುವುದಿಲ್ಲ. ಎಲ್ಲ ಊರೂ ಗುಡಿ ಕಟ್ಟಬೇಕಿಲ್ಲ. ಗಂಡು ಮರಿಗಳು ನೆಂಟರ ಮನೆ ಸೇರಿದ ಮೇಲೆ ಉಳಿಯುವ ಹೆಣ್ಣು ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆ ಮೈದಾನಕ್ಕೋ ಹೆದ್ದಾರಿ ಬದಿಗೋ ಬಿಟ್ಟು ಬರುವುದು ನಿಂತರೆ ಸಾಕು. ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಗರ್ಭ ಸುಮಾರು 65 ದಿನ, ವರ್ಷಕ್ಕೆ ಎರಡು ಮೂರು ಸೂಲು. ಬೆದೆಗೆ ಬರುವ ಮುಂಚೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಚೀಲದ ಕೆಲಸವೇ ಬರುವುದಿಲ್ಲ. ಶಸ್ತ್ರಚಿಕಿತ್ಸೆ ಆದ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬುದು ಸುಳ್ಳು. ಬೇಟೆಯ ಚಪಲಕ್ಕೂ ಬೆದೆಗೂ ಸಂಬಂಧವಿಲ್ಲ.

ಇಷ್ಟೆಲ್ಲ ಮಾಡಲು ಮನಸ್ಸಿರುವ ರೈತ ಬೆಕ್ಕನ್ನು ಎಲ್ಲಿಗೆ ಒಯ್ಯಬೇಕು ಎಂಬುದೇ ಈಗಿನ ತೊಡಕು. ಹೋಬಳಿಯ ಪಶು ಆಸ್ಪತ್ರೆ ಎಂದರೆ ಹಸು, ಎಮ್ಮೆ, ಕುರಿಗೆ ಎಂಬ ಭಾವನೆ ಜನರಲ್ಲಿದೆ. ಬೆಕ್ಕು ಹಿಡಿದು ಹೋದರೆ ನಗುತ್ತಾರೆಂಬ ನಾಚಿಕೆಯೂ ಇದೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಬೆಕ್ಕಿಗಾಗಿ ಕರೆ ಮಾಡಬಹುದೆಂದು ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಪ್ರತಿವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನಕ್ಕೆ ಇಲಾಖೆ ಲಸಿಕೆ ಶಿಬಿರ ನಡೆಸುತ್ತದೆ. ಅಲ್ಲಿಗೆ ಬರುವುದು ಹೆಚ್ಚಾಗಿ ನಾಯಿಗಳೇ. ಶೇಂಗಾ ಮನೆಗೆ ಬರುವ ಮುಂಚಿನ ಹೊತ್ತು ಅದು, ಹೊಸ ಮರಿಗಳನ್ನು ತರುವ ಕಾಲವೂ ಹೌದು. ಆ ಶಿಬಿರದಲ್ಲಿ ಬೆಕ್ಕಿಗೆಂದೇ ಒಂದು ಮೇಜು ಇರಲಿ. ಪ್ಯಾನ್‌ಲ್ಯೂಕೋಪೀನಿಯಾ ಲಸಿಕೆಯನ್ನು ಹೋಬಳಿ ಆಸ್ಪತ್ರೆಗಳಿಗೂ ಕೊಡಲಿ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಸಂತಾನಹರಣ ಶಿಬಿರಕ್ಕೆ ಶಾಲೆಯದೋ ಸಮುದಾಯ ಭವನದ್ದೋ ಒಂದು ಕೋಣೆ ಬಿಟ್ಟುಕೊಡಲಿ. ಹಿರಿಯೂರು ತಾಲ್ಲೂಕಿನ ಪಶು ವೈದ್ಯಾಧಿಕಾರಿಗಳು ಈ ವರ್ಷದ ಶಿಬಿರವನ್ನು ಧರ್ಮಪುರದಿಂದಲೇ ಶುರುಮಾಡಬಹುದು.